‘ಹಿಡಿ’ ಎಲ್ಲಿಂದ ಬಂತು? ಒಂದು ಕ್ರಿಯಾಪದದ ಬೇರು ಹುಡುಕುವ ಸಮಗ್ರ ಮಾರ್ಗದರ್ಶಿ

ಕನ್ನಡ ಪದಗಳ ಮೂಲ ಹುಡುಕಲು ಹೊರಟವರು ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಪದವನ್ನು ಕೇಳಿದ ಕೂಡಲೇ ಅದರ ಹಾಗೇ ಕೇಳಿಸುವ ಇನ್ನೊಂದು ಪದವನ್ನು ನೆನಪಿಸಿಕೊಳ್ಳುತ್ತಾರೆ. ಅದು ಸಿಕ್ಕರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ‘ಹಿಡಿ’ ಎಲ್ಲಿಂದ ಬಂತು ಅಂತ ಕೇಳಿದಾಗಲೆಲ್ಲ ನನಗೆ ಸಿಕ್ಕ ಉತ್ತರಗಳು ಮೂರು: ಸಂಸ್ಕೃತದ ‘ಪೀಡ್’, ಮಹಾಭಾರತದ ಹಿಡಿಂಬ, ಇಲ್ಲವೇ ‘ಇಡು’. ಮೂರೂ ತಪ್ಪು. ಹೇಳಿದವರಿಗೆ ಬುದ್ಧಿ ಕಡಿಮೆ ಅಂತಲ್ಲ, ಕೆಲಸದ ಕ್ರಮ ತಪ್ಪಿರುತ್ತದೆ ಅಷ್ಟೆ.

ಇಲ್ಲಿ ಆ ಕ್ರಮವನ್ನು ಹಂತ ಹಂತವಾಗಿ ಬಿಡಿಸಿದ್ದೇನೆ. ಉದಾಹರಣೆ ಉದ್ದಕ್ಕೂ ಒಂದೇ: ಹಿಡಿ. ಇದೇ ದಾರಿಯಲ್ಲಿ ನೀವು ಬೇರೆ ಯಾವ ಕ್ರಿಯಾಪದವನ್ನೂ ನೋಡಬಹುದು. ಹಂತಗಳನ್ನು ಮಾತ್ರ ಹಿಂದೆಮುಂದೆ ಮಾಡಬೇಡಿ.

ಬೇಕಾಗುವ ಸಾಮಾನು

ಮೂರು ನಿಘಂಟು ಸಾಕು. ಒಂದು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು. ಎರಡು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು. ಹಳೆಯ ಕಾವ್ಯ, ಶಾಸನಗಳಿಂದ ಸಾಲುಗಳನ್ನು ಎತ್ತಿ ಕೊಡುವುದರಿಂದ ಇದನ್ನು ಬಿಟ್ಟು ಕೆಲಸ ನಡೆಯುವುದಿಲ್ಲ. ಮೂರು, ಬರೋ ಮತ್ತು ಎಮೆನೋ ಸೇರಿ ಮಾಡಿದ ದ್ರಾವಿಡ ಭಾಷೆಗಳ ಮೂಲಪದ ನಿಘಂಟು. ಇದರ ಮೊದಲ ಮುದ್ರಣ 1961ರದು, ಪರಿಷ್ಕರಿಸಿದ್ದು 1984ರದು. 1984ರದನ್ನೇ ಬಳಸಿ. ಶಿಕಾಗೊ ವಿಶ್ವವಿದ್ಯಾಲಯದ ತಾಣದಲ್ಲಿ ದುಡ್ಡು ಕೊಡದೆ ನೋಡಬಹುದು.

ಇದರ ಜೊತೆಗೆ ಒಂದು ನೋಟ್‌ಬುಕ್ಕು, ತಮಿಳು ಮಾತಾಡುವ ಒಬ್ಬರು, ತೆಲುಗು ಮಾತಾಡುವ ಒಬ್ಬರು. ತುಳುವಿನವರು ಸಿಕ್ಕರೆ ಇನ್ನೂ ಒಳ್ಳೆಯದು.

ಹಂತ 1: ಪದದ ಮೇಲಿನ ಸಿಪ್ಪೆ ತೆಗೆಯಿರಿ

ಮಾತಿನಲ್ಲಿ ಕೇಳಿದ ರೂಪವನ್ನು ಹಾಗೇ ಇಟ್ಟುಕೊಂಡು ಹುಡುಕಬೇಡಿ. ಹಿಡಿಯುತ್ತಾನೆ, ಹಿಡಿದರು, ಹಿಡಿಯಲಿಲ್ಲ, ಹಿಡಿದುಕೋ. ಕಾಲ ತೋರಿಸುವ ತುಂಡು, ಯಾರು ಅಂತ ತೋರಿಸುವ ತುಂಡು, ‘ಕೊಳ್ಳು’ ಎಲ್ಲವನ್ನೂ ಕಳಚಿದರೆ ಉಳಿಯುವುದು ‘ಹಿಡಿ’.

ಸುಲಭ ಅನ್ನಿಸುತ್ತದೆ, ಅಲ್ವಾ? ಆಡುಮಾತಿನಲ್ಲಿ ಇದೇ ಕಷ್ಟ. ಮಂಡ್ಯದ ಕಡೆ ಒಂದು ಬಸ್ಸಿನಲ್ಲಿ ಅಜ್ಜಿಯೊಬ್ಬರು ಮೊಮ್ಮಗನಿಗೆ ‘ಕಂಬಿ ಇಡ್ಕೋ ಮಗಾ’ ಅಂದರು. ಸ್ವಲ್ಪ ಹೊತ್ತಿನ ಮೇಲೆ ಕಂಡಕ್ಟರ್ ಕೊಟ್ಟ ಚಿಲ್ಲರೆಯನ್ನು ಅವನ ಕೈಗೆ ಹಾಕಿ ‘ಜೇಬಲ್ಲಿ ಇಟ್ಕೋ’ ಅಂದರು. ಡ್ಕೋ, ಟ್ಕೋ. ಕಿವಿಗೆ ಬಹಳ ಹತ್ತಿರ. ಆದರೆ ಮೊದಲನೆಯದು ‘ಹಿಡಿದುಕೋ’, ಮಾತಿನ ಓಟದಲ್ಲಿ ಅದರ ಹ ಬಿದ್ದುಹೋಗಿದೆ. ಎರಡನೆಯದು ‘ಇಟ್ಟುಕೋ’, ಅದರಲ್ಲಿ ಹ ಯಾವತ್ತೂ ಇರಲಿಲ್ಲ. ‘ಹಿಡಿ’ ಬಂದದ್ದು ‘ಇಡು’ವಿನಿಂದ ಅನ್ನುವ ತಪ್ಪು ಹುಟ್ಟುವುದು ಇಂಥ ಕಡೆಯೇ.

ಬಿಡಿಸಿಕೊಳ್ಳುವ ಉಪಾಯ: ನಡೆದುಹೋದ ಕಾಲದ ರೂಪ ಹೇಳಿಸಿ. ಹಿಡಿ–ಹಿಡಿದ. ಕುಡಿ–ಕುಡಿದ, ಕಡಿ–ಕಡಿದ ಇದ್ದ ಹಾಗೆ. ಇಡು–ಇಟ್ಟ. ಕೊಡು–ಕೊಟ್ಟ, ಸುಡು–ಸುಟ್ಟ ಇದ್ದ ಹಾಗೆ. ಎರಡೂ ಬೇರೆ ಬೇರೆ ಗುಂಪು. ಈ ಒಂದು ಪರೀಕ್ಷೆಯಲ್ಲೇ ಅರ್ಧ ಗೊಂದಲ ಕಳೆಯುತ್ತದೆ.

ಹಂತ 2: ನಿಘಂಟು ತೆರೆಯುವ ಮುಂಚೆ ಅರ್ಥಗಳನ್ನು ಬರೆದುಕೊಳ್ಳಿ

ಈ ಹಂತವನ್ನು ಹಾರಿಸುವವರೇ ಜಾಸ್ತಿ. ಒಮ್ಮೆ ನಿಘಂಟು ನೋಡಿದರೆ ಅದರಲ್ಲಿರುವ ಅರ್ಥಗಳಷ್ಟೇ ಕಣ್ಣಿಗೆ ಕಾಣುತ್ತವೆ. ಮನೆಯಲ್ಲಿ ದಿನಾ ಆಡುವ ಮಾತು ಮರೆತೇಹೋಗುತ್ತದೆ. ಅದಕ್ಕೇ ಮೊದಲು ನೋಟ್‌ಬುಕ್ಕು.

ಒಂಟಿ ಪದಗಳನ್ನಲ್ಲ, ಪೂರ್ತಿ ವಾಕ್ಯಗಳನ್ನು ಬರೆಯಿರಿ. ಕೋಳಿ ಹಿಡಿದರು. ಮಗು ಬೆರಳು ಹಿಡಿಯಿತು. ನೆಗಡಿ ಹಿಡಿದಿದೆ. ಕತ್ತಿಗೆ ತುಕ್ಕು ಹಿಡಿದಿದೆ. ಅನ್ನ ತಳ ಹಿಡಿಯಿತು. ಬೆಳಗ್ಗೆಯಿಂದ ಮಳೆ ಹಿಡಿದುಕೊಂಡಿದೆ. ಕೆಲಸಕ್ಕೆ ಮೂರು ದಿನ ಹಿಡಿಯಿತು. ಈ ಬಿಂದಿಗೆ ಹತ್ತು ಲೀಟರ್ ಹಿಡಿಯುತ್ತದೆ. ಊರಿನ ದಾರಿ ಹಿಡಿದ. ಹುಡುಗಿ ಹಿಡಿಸಿದಳು. ಬೀದರಿನಿಂದ ಹಿಡಿದು ಚಾಮರಾಜನಗರದವರೆಗೆ. ಇಪ್ಪತ್ತು ವಾಕ್ಯ ಆಗುವ ತನಕ ಬಿಡಬೇಡಿ.

ಆಮೇಲೆ ಅಕ್ಕಪಕ್ಕದ ಕ್ರಿಯಾಪದಗಳ ಜೊತೆ ಹೋಲಿಸಿ. ಬಿಗಿ, ಅವುಚು, ತಬ್ಬು, ಹಿಸುಕು, ಹಿಂಡು, ಅದುಮು. ‘ಮೆತ್ತಗೆ ಹಿಡಿ’ ಅನ್ನಬಹುದು. ‘ಮೆತ್ತಗೆ ಬಿಗಿ’ ಅಂದರೆ ಕಿವಿಗೆ ಒಗ್ಗುವುದಿಲ್ಲ. ಮಗುವನ್ನು ಎದೆಗೆ ಅವುಚಿಕೊಳ್ಳುತ್ತೇವೆ, ಪೆನ್ನನ್ನು ಅವುಚಿಕೊಳ್ಳುವುದಿಲ್ಲ. ಹಿಸುಕಿದರೆ ವಸ್ತುವಿನ ಆಕಾರ ಕೆಡುತ್ತದೆ, ಹಿಂಡಿದರೆ ನೀರು ಬರುತ್ತದೆ. ಹಿಡಿದರೆ ಎರಡೂ ಆಗಬೇಕಿಲ್ಲ.

ಇದರಿಂದ ಗೊತ್ತಾಗುವುದು ಏನು? ‘ಹಿಡಿ’ಯಲ್ಲಿ ಬಿಗಿತನ ತಾನಾಗಿ ಇಲ್ಲ. ಬಿಗಿತನ ಬೇಕಾದಾಗ ನಾವು ‘ಗಟ್ಟಿಯಾಗಿ ಹಿಡಿ’ ಅನ್ನುತ್ತೇವೆ, ‘ಬಿಗಿಹಿಡಿ’ ಅನ್ನುತ್ತೇವೆ. ಅದರ ನಡುಗೆರೆ, ಅಂದರೆ ಎಲ್ಲ ಬಳಕೆಗಳ ನಡುವೆ ಹಾದುಹೋಗುವ ಮೂಲ ಅರ್ಥ, ‘ತಪ್ಪಿಸಿಕೊಂಡು ಹೋಗದ ಹಾಗೆ ಮಾಡು’ ಅನ್ನುವುದು. ಮೀನು, ಕೋಳಿ, ಕಳ್ಳ ಮೂವರನ್ನೂ ‘ಹಿಡಿ’ಯುವುದು ಅದಕ್ಕೇ. ಈ ನಡುಗೆರೆಯನ್ನು ಪುಟದ ಮೇಲ್ಗಡೆ ಬರೆದಿಡಿ. ಮುಂದೆ ಏಳನೇ ಹಂತದಲ್ಲಿ ಬೇಕು.

ಹಂತ 3: ಒಂದೇ ರೂಪದ ಬೇರೆ ಪದಗಳನ್ನು ಬಿಡಿಸಿಡಿ

ಕಾಣಲು ಒಂದೇ, ಹುಟ್ಟು ಬೇರೆ. ಇಂಥ ಅವಳಿಗಳು ಕನ್ನಡದಲ್ಲಿ ತುಂಬಾ ಇವೆ.

‘ಒಂದು ಹಿಡಿ ಅಕ್ಕಿ’ ಅನ್ನುವ ನಾಮಪದ ನಮ್ಮ ಕ್ರಿಯಾಪದದ ಒಡಹುಟ್ಟೇ. ಕೈ ಹಿಡಿದಷ್ಟು ಅಳತೆ ಒಂದು ಹಿಡಿ. ನಡುವೆ ಒಂದೇ ಹೆಜ್ಜೆ, ಅದೂ ಸಹಜವಾದ ಹೆಜ್ಜೆ. ಚಾಕುವಿನ ಹಿಡಿ, ಹಿಡಿಕೆ, ಹಿಡಿತ ಎಲ್ಲವೂ ಇದೇ ಮನೆಯವು.

‘ಹಿಡಿ’ಯ ಹಳೆಯ ರೂಪ ‘ಪಿಡಿ’, ಅದು ಹೇಗೆ ಅಂತ ಮುಂದಿನ ಹಂತದಲ್ಲಿ ನೋಡೋಣ. ಆದರೆ ಹಳಗನ್ನಡ ಕಾವ್ಯ ಓದುವಾಗ ‘ಪಿಡಿ’ ಅಂದರೆ ಹೆಣ್ಣಾನೆ ಅನ್ನುವ ಅರ್ಥವೂ ಸಿಗುತ್ತದೆ. ಇಲ್ಲಿ ಜನ ಕಥೆ ಕಟ್ಟುತ್ತಾರೆ: ಆನೆಯನ್ನು ಹಿಡಿದು ಪಳಗಿಸುತ್ತಾರೆ, ಅದಕ್ಕೇ ಪಿಡಿ ಅಂತ. ಹಾಗಾದರೆ ಗಂಡಾನೆಗೆ ಯಾಕೆ ಆ ಹೆಸರಿಲ್ಲ? ಎರಡು ಅರ್ಥಗಳನ್ನು ಸೇರಿಸಲು ಒಂದು ಕಥೆ ಹುಟ್ಟಿಸಬೇಕಾಗಿ ಬಂದರೆ ಅದೇ ಅಪಾಯದ ಗುರುತು. ತಮಿಳು, ಮಲಯಾಳಗಳಲ್ಲೂ ಹೆಣ್ಣಾನೆಗೆ ‘ಪಿಡಿ’ ಇದೆ. ಅಂದರೆ ಅದು ಬಹಳ ಹಿಂದಿನಿಂದಲೂ ತನ್ನದೇ ದಾರಿಯಲ್ಲಿ ನಡೆದುಬಂದ ಪದ. ಅದನ್ನು ಬೇರೆ ಪುಟದಲ್ಲಿ ಬರೆದಿಡಿ.

ಹಂತ 4: ಹಕಾರವನ್ನು ಕಳಚಿ, ಹಳೆಯ ರೂಪಕ್ಕೆ ಹೋಗಿ

ಹೆಚ್ಚಿನವರು ಸೋಲುವುದು ಇಲ್ಲೇ. ಮೂಲಪದ ನಿಘಂಟು ತೆರೆದು ‘ಹಿಡಿ’ಯನ್ನು ಹಕಾರದಲ್ಲಿ ಹುಡುಕುತ್ತಾರೆ, ಸಿಗುವುದಿಲ್ಲ, ‘ಇದು ದ್ರಾವಿಡ ಪದ ಅಲ್ಲ’ ಅಂತ ತೀರ್ಮಾನಿಸಿ ಸಂಸ್ಕೃತದ ಕಡೆ ಹೊರಡುತ್ತಾರೆ.

ಕನ್ನಡದ ಅಚ್ಚ ಪದಗಳ ಮೊದಲಲ್ಲಿ ಕಾಣುವ ಹ ಹೆಚ್ಚಾಗಿ ಹಿಂದೆ ಪ ಆಗಿತ್ತು. ಹಾಲು–ಪಾಲ್, ಹುಲಿ–ಪುಲಿ, ಹೂ–ಪೂ, ಹಳ್ಳಿ–ಪಳ್ಳಿ, ಹೆಸರು–ಪೆಸರು. ಸುಮಾರು 10ನೇ ಶತಮಾನದಿಂದ ಈ ಬದಲಾವಣೆ ಕಾಣಿಸಿಕೊಂಡು, ನಡುಗನ್ನಡದ ಕಾಲಕ್ಕೆ ಗಟ್ಟಿಯಾಯಿತು. 10ನೇ ಶತಮಾನದ ಪಂಪನಲ್ಲಿ ‘ಪಿಡಿ’, ಕುಮಾರವ್ಯಾಸನ ಹೊತ್ತಿಗೆ ‘ಹಿಡಿ’. ಹಾಗಾಗಿ ಹುಡುಕಬೇಕಾದದ್ದು ಪಕಾರದಲ್ಲಿ.

ನಿಮ್ಮ ಮನೆಯಲ್ಲೇ ಇದಕ್ಕೆ ಸಾಕ್ಷಿ ಇದೆ. ‘ಕೈಪಿಡಿ’ ಅನ್ನುವ ಪದ ನೋಡಿ. ಹಳೆಯ ಪ ಅದರಲ್ಲಿ ಇನ್ನೂ ಹಾಗೇ ಕೂತಿದೆ. ಪಕ್ಕದಲ್ಲೇ ‘ಕೈಹಿಡಿ’ಯೂ ಇದೆ: ಕೈಹಿಡಿದವಳು, ಕಷ್ಟಕಾಲದಲ್ಲಿ ಕೈಹಿಡಿದರು. ತುಂಡುಗಳು ಅವೇ ಎರಡು, ಕಾಲ ಮಾತ್ರ ಬೇರೆ. ಆ ಬಸ್ಸಿನ ಅಜ್ಜಿಯ ‘ಇಡ್ಕೋ’ವನ್ನೂ ಸೇರಿಸಿದರೆ ಮೂರು ಮೆಟ್ಟಿಲು ಒಟ್ಟಿಗೆ ಕಾಣುತ್ತವೆ: ಪಿಡಿ, ಹಿಡಿ, ಇಡಿ. ತುಟಿ ಸೇರಿಸಿ ಆಡುತ್ತಿದ್ದ ಸದ್ದು ಬರೀ ಉಸಿರಾಯಿತು, ಆಮೇಲೆ ಆ ಉಸಿರೂ ಹೋಯಿತು. ಒಂದೇ ಪದದಲ್ಲಿ ಇಷ್ಟು ದೂರದ ಪಯಣ ಕಾಣುವುದು ನನಗೆ ಇವತ್ತಿಗೂ ಸಂತೋಷ ಕೊಡುವ ಸಂಗತಿ.

ಮೂರು ಎಚ್ಚರಿಕೆ.

ಒಂದು, ಎಲ್ಲ ಹಕಾರವೂ ಪಕಾರದಿಂದ ಬಂದದ್ದಲ್ಲ. ಹಠ ಸಂಸ್ಕೃತದ್ದು, ಹಕ್ಕು ಮತ್ತು ಹಾಜರು ಅರಬ್ಬಿಯಿಂದ ಬಂದವು, ಹೋಟೆಲ್ ಇಂಗ್ಲಿಷಿನದು. ಇವುಗಳಲ್ಲಿ ಪ ಹುಡುಕಬೇಡಿ. ಎಲ್ಲ ಪಕಾರವೂ ಹ ಆಗಲಿಲ್ಲ ಅನ್ನುವುದನ್ನೂ ನೆನಪಿಡಿ: ಪಡು, ಪಡೆ ಇನ್ನೂ ಹಾಗೇ ಇವೆ.

ಎರಡು, ಹಿಡಿಂಬ. ಆ ಹೆಸರಲ್ಲಿ ಹ ಮೊದಲಿನಿಂದಲೂ ಇದೆ. ನಮ್ಮ ‘ಹಿಡಿ’ಗೆ ಹ ಬಂದು ಸಾವಿರ ವರ್ಷದ ಆಚೀಚೆ ಅಷ್ಟೆ. ಮಹಾಭಾರತ ಅದಕ್ಕಿಂತ ಎಷ್ಟೋ ಹಿಂದಿನದು. ಈಗಿನ ರೂಪಗಳನ್ನು ಮಾತ್ರ ಪಕ್ಕಪಕ್ಕ ಇಟ್ಟವರಿಗೆ ಇದು ಕಾಣುವುದಿಲ್ಲ. ಹೋಲಿಸಬೇಕಾದದ್ದು ಯಾವಾಗಲೂ ಹಳೆಯ ರೂಪಗಳನ್ನು.

ಮೂರು, ಹಳೆಯ ಕಾವ್ಯ ನಮಗೆ ಸಿಕ್ಕಿರುವುದು ಆಮೇಲಿನವರು ನಕಲು ಮಾಡಿದ ಓಲೆಗಳಿಂದ. ನಕಲು ಮಾಡುವವರು ತಮ್ಮ ಕಾಲದ ರೂಪವನ್ನು ಬರೆದುಬಿಡುವುದುಂಟು. ಕಾಲವನ್ನು ಗಟ್ಟಿಯಾಗಿ ಹೇಳಬೇಕಾದರೆ ಶಾಸನದ ಸಾಲನ್ನು ನಂಬಿ. ಕಲ್ಲಿನ ಮೇಲೆ ಕೆತ್ತಿದ್ದನ್ನು ಯಾರೂ ನಕಲು ಮಾಡುವಾಗ ತಿದ್ದಿರುವುದಿಲ್ಲ.

ಹಂತ 5: ಅಕ್ಕತಂಗಿ ಭಾಷೆಗಳಲ್ಲಿ ಕೇಳಿ

ಈಗ ಮೂಲಪದ ನಿಘಂಟು ತೆರೆಯಿರಿ. ತಮಿಳು ರೂಪ ಇದ್ದರೆ ನಮೂದು ಅದರಿಂದಲೇ ಶುರುವಾಗುತ್ತದೆ. ತಮಿಳು ಲಿಪಿಯಲ್ಲಿ ಟ, ಡ ಎರಡಕ್ಕೂ ಒಂದೇ ಅಕ್ಷರ. ಹಾಗಾಗಿ ಅಲ್ಲಿ ‘ಪಿಟಿ’ ಅಂತ ಇರುತ್ತದೆ, ಓದುವುದು ಪಿಡಿ ಅಂತಲೇ. ಇದು ಗೊತ್ತಿಲ್ಲದೆ ನಮೂದನ್ನೇ ದಾಟಿ ಹೋದವರನ್ನು ನೋಡಿದ್ದೇನೆ.

ತಮಿಳಲ್ಲೂ ಮಲಯಾಳದಲ್ಲೂ ‘ಪಿಡಿ’ ಅಂದರೆ ಹಿಡಿ. ಕೊಡವದಲ್ಲಿ ‘ಪುಡಿ’. ಅಲ್ಲಿ ಸ್ವರ ಬದಲಾಗಿದೆ, ನಮ್ಮ ಹಿಟ್ಟಿನ ಪುಡಿಗೂ ಇದಕ್ಕೂ ಸಂಬಂಧವಿಲ್ಲ.

ನಿಘಂಟಿನಲ್ಲಿ ಕಂಡದ್ದನ್ನು ಜನರ ಬಾಯಲ್ಲಿ ಕೇಳಿ ನೋಡಿ. ಕೇಳುವ ರೀತಿ ಮುಖ್ಯ. ‘ನಿಮ್ಮಲ್ಲಿ ಪಿಡಿ ಇದೆಯಾ?’ ಅಂತ ಕೇಳಿದರೆ ಮುಲಾಜಿಗೆ ಹೂಂ ಅಂದುಬಿಡುತ್ತಾರೆ. ಒಂದು ಲೋಟ ಕೈಯಲ್ಲಿ ಹಿಡಿದು ‘ಈಗ ನಾನು ಏನು ಮಾಡುತ್ತಿದ್ದೇನೆ?’ ಅಂತ ಕೇಳಿ.

ತೆಲುಗಿನವರು ಆಗ ‘ಪಟ್ಟುಕೊ’ ಜಾತಿಯ ಪದ ಹೇಳುತ್ತಾರೆ. ‘ಪಿಡಿ’ ಬರುವುದಿಲ್ಲ. ಹಾಗಾದರೆ ತೆಲುಗಲ್ಲಿ ಇಲ್ಲ ಅಂತ ಬರೆದುಬಿಡಬೇಡಿ. ಮುಷ್ಟಿಗೆ ಏನಂತೀರಿ ಅಂತ ಕೇಳಿ: ಪಿಡಿಕಿಲಿ. ಕತ್ತಿಯ ಹಿಡಿಗೆ? ಪಿಡಿ. ಒಂದು ಹಿಡಿಯಷ್ಟಕ್ಕೆ? ಪಿಡಿಕೆಡು. ದಿನದ ಮಾತಿನಲ್ಲಿ ಕ್ರಿಯಾಪದದ ಜಾಗವನ್ನು ಬೇರೆ ಪದ ತೆಗೆದುಕೊಂಡಿದೆ, ಆದರೆ ಬೇರು ನಾಮಪದಗಳಲ್ಲಿ ಉಳಿದಿದೆ. ಒಂದು ಭಾಷೆಯಲ್ಲಿ ಕ್ರಿಯಾಪದ ಸಿಗದಿದ್ದರೆ ಅದರ ಸಲಕರಣೆ, ಅಳತೆ, ಅಂಗಗಳ ಹೆಸರನ್ನು ಕೇಳಲೇಬೇಕು.

ತುಳುವಿನಲ್ಲೂ ಹಿಡಿಯುವುದಕ್ಕೆ ದಿನಾ ಆಡುವುದು ‘ಪತ್ತ್’. ಇದು ಯಾವ ಪದ? ಇಲ್ಲಿ ಸ್ವಲ್ಪ ನಿಲ್ಲೋಣ, ತಾಳೆ ನೋಡುವುದು ಹೇಗೆ ಅಂತ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ತಮಿಳಲ್ಲಿ ‘ಪಱ್ಱು’ ಅಂದರೆ ಹಿಡಿದುಕೋ, ಅಂಟಿಕೋ. (ಱ ಅನ್ನುವುದು ಈಗ ಕನ್ನಡದಲ್ಲಿ ಬಳಕೆ ತಪ್ಪಿದ ಹಳೆಯ ರಕಾರ.) ತೆಲುಗಲ್ಲಿ ‘ಪಟ್ಟು’. ತುಳುವಿನಲ್ಲಿ ‘ಪತ್ತ್’. ಹಳಗನ್ನಡದಲ್ಲಿ ‘ಪತ್ತು’, ಈಗ ‘ಹತ್ತು’: ಬೆಂಕಿ ಹತ್ತಿತು, ಬಣ್ಣ ಹತ್ತಿತು. ಇದು ಸುಮ್ನೆ ಹೊಂದಿಸಿದ್ದಲ್ಲ. ಹುತ್ತವನ್ನು ನೋಡಿ: ತಮಿಳಲ್ಲಿ ‘ಪುಱ್ಱು’, ತೆಲುಗಲ್ಲಿ ‘ಪುಟ್ಟ’, ಹಳಗನ್ನಡದಲ್ಲಿ ‘ಪುತ್ತು’. ತಮಿಳಿನ ಱ್ಱ ಇದ್ದಲ್ಲಿ ತೆಲುಗಲ್ಲಿ ಟ್ಟ, ಕನ್ನಡದಲ್ಲಿ ತ್ತ. ಎರಡು ಪದಗಳಲ್ಲಿ ಒಂದೇ ಬದಲಾವಣೆ. ಸಂಬಂಧ ಇದೆ ಅನ್ನಬೇಕಾದರೆ ಇಂಥ ಜೋಡಿ ತೋರಿಸಬೇಕು. ಒಂಟಿ ಹೋಲಿಕೆಗೆ ಬೆಲೆ ಇಲ್ಲ.

ಇದೇ ದಾರಿ ಇನ್ನೊಂದು ಗಂಟನ್ನೂ ಬಿಡಿಸುತ್ತದೆ. ನಮ್ಮಲ್ಲಿ ಸಂಖ್ಯೆಯೂ ಹತ್ತು, ಬೆಂಕಿ ಹತ್ತುವುದೂ ಹತ್ತು. ಎರಡೂ ಹಿಂದೆ ಪತ್ತು. ತಮಿಳಲ್ಲಿ ಸಂಖ್ಯೆ ‘ಪತ್ತು’, ಕ್ರಿಯಾಪದ ‘ಪಱ್ಱು’. ಕನ್ನಡದಲ್ಲಿ ಕಲೆತುಹೋದದ್ದು ತಮಿಳಲ್ಲಿ ಬೇರೆಯಾಗಿಯೇ ಉಳಿದಿದೆ.

ಹಾಗಾಗಿ ಒಂದು ವಿಷಯ ಸ್ಪಷ್ಟ: ‘ಹಿಡಿ’ ಒಂದು ಮನೆ, ‘ಹತ್ತು’ ಇನ್ನೊಂದು ಮನೆ. ಕುಸ್ತಿಯ ‘ಪಟ್ಟು’ವಿನಲ್ಲಿ ಪ ಉಳಿದಿರುವುದೂ ಟ್ಟ ಇರುವುದೂ ತೆಲುಗಿನ ಕಡೆ ಬೊಟ್ಟು ಮಾಡುತ್ತವೆ. ‘ಪಟ್ಟು ಹಿಡಿದ’ ಅಂದಾಗ ಎರಡು ಮನೆಯ ಎರಡು ಹಿಡಿತಗಳು ಒಂದೇ ಮಾತಿನಲ್ಲಿ ಜೊತೆಯಾಗಿರುತ್ತವೆ.

ಹಂತ 6: ಸಂಸ್ಕೃತದ ಅನುಮಾನವನ್ನು ಪರೀಕ್ಷೆ ಮಾಡಿ

ಸಂಸ್ಕೃತ ಇರಲಾರದು ಅಂತ ಮೊದಲೇ ಹಟ ಹಿಡಿಯುವುದೂ ತಪ್ಪು, ಇದ್ದೇ ಇರಬೇಕು ಅನ್ನುವುದೂ ತಪ್ಪು. ‘ನಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಅನ್ನುವವರಿಂದ ಈ ಕೆಲಸ ಆಗುವುದಿಲ್ಲ. ಸಾಕ್ಷಿ ಇಟ್ಟು ನೋಡಿ.

‘ಪೀಡ್’ ಪರವಾಗಿ ಹೇಳುವವರ ಮಾತಿನಲ್ಲಿ ಬಲ ಇದೆ. ಪ ಇದೆ, ಡ ಇದೆ. ಅದರ ಅರ್ಥ ಒತ್ತು, ಹಿಂಡು. ಜೊತೆಗೆ ಸಂಸ್ಕೃತದಲ್ಲಿ ಮದುವೆಗೆ ‘ಪಾಣಿಪೀಡನ’ ಅಂತಲೂ ಹೆಸರು. ನಮ್ಮ ‘ಕೈಹಿಡಿ’ಯೂ ಮದುವೆಯೇ. ಇಷ್ಟು ಹೊಂದಿದರೆ ಯಾರಿಗಾದರೂ ಹೌದು ಅನ್ನಿಸುತ್ತದೆ. ಕಲಿಯುವ ಕಾಲದಲ್ಲಿ ನನಗೂ ಹಾಗೇ ಅನ್ನಿಸಿತ್ತು.

ಈಗ ಪರೀಕ್ಷೆ. ಸಂಸ್ಕೃತದ ಧಾತುಗಳು ಕನ್ನಡಕ್ಕೆ ಬರುವಾಗ ಸಾಮಾನ್ಯವಾಗಿ ‘ಇಸು’ ಸೇರಿಸಿಕೊಂಡು ಬರುತ್ತವೆ: ಗ್ರಹಿಸು, ಬಂಧಿಸು, ರಕ್ಷಿಸು. ಪೀಡ್ ಕೂಡ ಹಾಗೇ ಬಂದಿದೆ, ‘ಪೀಡಿಸು’ ಆಗಿ, ಉದ್ದದ ಈಕಾರದ ಜೊತೆಗೇ. ಹಿಡಿ ಹಾಗಲ್ಲ. ಯಾವ ಊರುಗೋಲೂ ಇಲ್ಲದೆ ಬರಿಯ ಧಾತುವಾಗಿ ನಿಲ್ಲುತ್ತದೆ.

‘ಹಿಡಿಸು’ ಇದೆಯಲ್ಲ ಅಂತ ನೀವು ಕೇಳಬಹುದು. ಇಸು ಕಳಚಿ ನೋಡಿ. ‘ಹಿಡಿಸು’ವಿನಿಂದ ಇಸು ತೆಗೆದರೆ ‘ಹಿಡಿ’ ತಾನೇ ಕ್ರಿಯಾಪದವಾಗಿ ನಿಲ್ಲುತ್ತದೆ. ‘ಪೀಡಿಸು’ವಿನಿಂದ ತೆಗೆದರೆ ಉಳಿಯುವ ತುಂಡನ್ನು ‘ಅವನು ಪೀಡಿದ’ ಅಂತ ಯಾರೂ ಆಡುವುದಿಲ್ಲ. ಇದೇ ವ್ಯತ್ಯಾಸ.

ಅರ್ಥವನ್ನೂ ಎರಡನೇ ಹಂತದ ನಡುಗೆರೆಗೆ ಹಿಡಿದು ನೋಡಿ. ಪೀಡ್‌ನ ನಡುವೆ ಇರುವುದು ಒತ್ತಡ, ನೋವು. ಹಿಡಿಯ ನಡುವೆ ಇರುವುದು ತಪ್ಪಿಸಿಕೊಳ್ಳದ ಹಾಗೆ ಮಾಡುವುದು. ಹಿಡಿಯಷ್ಟು ಅಳತೆ, ಕತ್ತಿಯ ಹಿಡಿಕೆ ಇವೆಲ್ಲ ಒತ್ತಡದಿಂದ ಹುಟ್ಟುವುದು ಕಷ್ಟ. ಆ ಕಡೆ ತಮಿಳು, ಮಲಯಾಳ, ಕೊಡವ, ತೆಲುಗು ಎಲ್ಲ ಗಿಡ್ಡ ಇಕಾರ ಅಥವಾ ಅದರ ಮಾರುರೂಪದ ಜೊತೆ ಕನ್ನಡದ ಪಕ್ಕದಲ್ಲೇ ನಿಂತಿವೆ. ಮದುವೆಯಲ್ಲಿ ಕೈ ಹಿಡಿಯುವುದು ಒಂದು ಆಚಾರ. ಎರಡು ಭಾಷೆಗಳು ಅದನ್ನು ತಮ್ಮ ತಮ್ಮ ಪದದಲ್ಲಿ ಹೇಳಿವೆ ಅಷ್ಟೆ.

ಹಂತ 7: ಅರ್ಥ ನಡೆದ ದಾರಿಯನ್ನು ಗುರುತಿಸಿ

ಎರಡನೇ ಹಂತದ ಇಪ್ಪತ್ತು ವಾಕ್ಯಗಳಿಗೆ ಮರಳಿ ಬನ್ನಿ. ಪ್ರತಿಯೊಂದರಲ್ಲೂ ಒಂದೇ ಪ್ರಶ್ನೆ: ಹಿಡಿಯುತ್ತಿರುವವರು ಯಾರು, ಸಿಕ್ಕಿಬಿದ್ದವರು ಯಾರು?

ಕೋಳಿ ಹಿಡಿದಾಗ ಹಿಡಿಯುವವನು ಮನುಷ್ಯ. ನೆಗಡಿ ಹಿಡಿದಾಗ ಹಿಡಿಯುವುದು ನೆಗಡಿ, ಸಿಕ್ಕಿಬಿದ್ದವನು ಮನುಷ್ಯ. ತುಕ್ಕು ಕಬ್ಬಿಣವನ್ನು ಹಿಡಿಯುತ್ತದೆ, ಹುಚ್ಚು ಮನಸ್ಸನ್ನು ಹಿಡಿಯುತ್ತದೆ. ಕೆಲಸ ಮೂರು ದಿನವನ್ನು ಹಿಡಿಯುತ್ತದೆ, ಅಂದರೆ ಆ ದಿನಗಳು ಬೇರೆ ಯಾವುದಕ್ಕೂ ಸಿಗುವುದಿಲ್ಲ. ಬಿಂದಿಗೆ ನೀರನ್ನು ಹೋಗದಂತೆ ಇಟ್ಟುಕೊಳ್ಳುತ್ತದೆ. ‘ಬೀದರಿನಿಂದ ಹಿಡಿದು’ ಅಂದಾಗ ಹಗ್ಗದ ಒಂದು ತುದಿ ಕೈಯಲ್ಲಿ ಇದ್ದ ಹಾಗೆ. ನಡುಗೆರೆ ಎಲ್ಲೂ ತುಂಡಾಗಿಲ್ಲ ನೋಡಿ.

ಇದೇ ಅರ್ಥಗಳನ್ನು ತಮಿಳಿನವರ ಹತ್ತಿರ ಕೇಳಿ. ತುಕ್ಕು, ಹುಚ್ಚು ಎರಡಕ್ಕೂ ಅವರು ಪಿಡಿ ಬಳಸುತ್ತಾರೆ. ಮೆಚ್ಚಿಗೆಗೂ ಅದೇ: ‘ಎನಕ್ಕು ಪಿಡಿಕ್ಕುಂ’. ನಾವು ‘ಹಿಡಿಸಿತು’ ಅಂತ ಇಸು ಸೇರಿಸುತ್ತೇವೆ, ಅವರು ಸೇರಿಸುವುದಿಲ್ಲ. ಇಂಥ ಸಣ್ಣ ವ್ಯತ್ಯಾಸಗಳನ್ನೂ ಬರೆದುಕೊಳ್ಳಿ. ಆದರೆ ತೆಲುಗಿನವರು ತುಕ್ಕು, ಹುಚ್ಚು ಎರಡಕ್ಕೂ ‘ಪಟ್ಟು’ ಬಳಸುತ್ತಾರೆ. ಪದ ಬೇರೆ, ಅರ್ಥ ಬೆಳೆದ ದಾರಿ ಒಂದೇ. ಹಾಗಾಗಿ ಅರ್ಥದ ಹೋಲಿಕೆ ಕಂಡ ಮಾತ್ರಕ್ಕೆ ಪದಗಳೂ ಒಂದೇ ಬೇರಿನವು ಅನ್ನಬೇಡಿ. ಅದನ್ನು ತೀರ್ಮಾನಿಸುವುದು ಐದನೇ ಹಂತದ ಸದ್ದಿನ ತಾಳೆ.

ಹಂತ 8: ನಿಲ್ಲಬೇಕಾದ ಕಡೆ ನಿಂತು, ಟಿಪ್ಪಣಿ ಬರೆಯಿರಿ

ಅಕ್ಕತಂಗಿ ಭಾಷೆಗಳ ರೂಪಗಳನ್ನು ಸೇರಿಸಿದರೆ ಅವೆಲ್ಲದರ ಹಿಂದೆ ‘ಪಿಟಿ’ ಅನ್ನುವ ಮೂಲರೂಪವನ್ನು ಊಹಿಸಬಹುದು. ಅದನ್ನು ಬರೆಯುವಾಗ ಮುಂದೆ ನಕ್ಷತ್ರದ ಗುರುತು ಹಾಕಿ. ಬರಹದಲ್ಲಿ ಎಲ್ಲೂ ಸಿಕ್ಕಿಲ್ಲ, ಹೋಲಿಕೆಯಿಂದ ಕಟ್ಟಿದ್ದು ಅಂತ ಅದರ ಅರ್ಥ. ಅಲ್ಲಿಂದ ಆಚೆ ‘ಪಿ ಅಂದರೆ ಇದು, ಡಿ ಅಂದರೆ ಅದು’ ಅಂತ ಒಂದೊಂದು ಅಕ್ಷರಕ್ಕೂ ಅರ್ಥ ಹಚ್ಚಬೇಡಿ. ಹಾಗೆ ಹಚ್ಚಲು ಕೈ ತುರಿಸಿದರೆ ಪೆನ್ನು ಕೆಳಗಿಡಿ.

ಟಿಪ್ಪಣಿ ಚಿಕ್ಕದಾಗಿರಲಿ. ನನ್ನ ನೋಟ್‌ಬುಕ್ಕಿನಲ್ಲಿ ‘ಹಿಡಿ’ಯ ಪುಟ ಹೀಗಿದೆ:

ಹಿಡಿ. ಕ್ರಿಯಾಪದ. ಹಿಡಿದ. ಹಳೆಯ ರೂಪ ಪಿಡಿ.
ನಡುಗೆರೆ: ತಪ್ಪಿಸಿಕೊಂಡು ಹೋಗದ ಹಾಗೆ ಮಾಡು.
ಒಂದೇ ಮನೆಯವು: ಒಂದು ಹಿಡಿ, ಹಿಡಿಕೆ, ಹಿಡಿತ, ಕೈಪಿಡಿ. ತಮಿಳು, ಮಲಯಾಳ ಪಿಡಿ. ಕೊಡವ ಪುಡಿ. ತೆಲುಗು ಪಿಡಿ, ಪಿಡಿಕಿಲಿ.
ಸಂಬಂಧ ಇಲ್ಲದವು: ಇಡು, ಹಿಡಿಂಬ, ಪೀಡಿಸು, ಹೆಣ್ಣಾನೆಯ ಪಿಡಿ, ಹತ್ತು, ಪಟ್ಟು.

ಕೊನೆಯ ಸಾಲನ್ನು ಬಿಡಬೇಡಿ. ಯಾವುದನ್ನು ಯಾಕೆ ಕೈಬಿಟ್ಟಿರಿ ಅಂತ ಬರೆದಿಡದಿದ್ದರೆ ಆರು ತಿಂಗಳ ಮೇಲೆ ನೀವೇ ಮತ್ತೆ ಅದೇ ಹಿಡಿಂಬನ ಹತ್ತಿರ ಹೋಗಿ ನಿಲ್ಲುತ್ತೀರಿ.

ಮುಂದಿನ ಅಭ್ಯಾಸಕ್ಕೆ ‘ಹೊರು’ ತೆಗೆದುಕೊಳ್ಳಿ. ಪಕಾರಕ್ಕೆ ಹೋದರೆ ‘ಪೊಱು’ ಸಿಗುತ್ತದೆ. ಆ ಹಳೆಯ ಱ ಕಂಡಾಗ ಗಾಬರಿಯಾಗದೆ, ತಮಿಳಿನವರನ್ನು ತಾಳ್ಮೆಯಿಂದ ಇರುವುದಕ್ಕೆ ಏನಂತೀರಿ ಅಂತ ಕೇಳಿ ನೋಡಿ.